ಎಂಟು ಬೆರಳು, ಎರಡು ಬಟ್ಟು

ಪೀಣ್ಯಕ್ಕೆ ಬಂದಿಳಿದ ದಿನ ಸಂಜೆ ಅಂಗಡಿಗೆ ಹೋಗಿ ಕಡ್ಡಿಪೆಟ್ಟಿಗೆ ಕೇಳಿದೆ. ಅಂಗಡಿಯವನು ಊದಿನಕಡ್ಡಿಯ ಪೊಟ್ಟಣ ತೆಗೆದು ಕೈಗಿಟ್ಟ. "ಇದಲ್ಲರೀ, ಕಡ್ಡಿಪೆಟಗಿ. ಒಲಿ ಹಚ್ಚೂದು" ಅಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕ್ಯಾ ಹೋನಾ ಅಮ್ಮಾ?" ಅಂದ. ಅವನ ತಲೆಯ ಹಿಂದೆ ಕನ್ನಡ ಕ್ಯಾಲೆಂಡರ್ ನೇತಾಡುತ್ತಿತ್ತು. ಅವನೂ ಕನ್ನಡದವನೇ, ನಾನೂ ಕನ್ನಡದವಳೇ, ನಮ್ಮಿಬ್ಬರ ನಡುವೆ ಹಿಂದಿ ಬಂದು ನಿಂತಿತ್ತು. ಬೆಂಕಿಪೊಟ್ಟಣ ಎಂಬ ಮಾತು ಗೊತ್ತಾಗಿದ್ದು ಮರುದಿನ. ಆ ದಿನ ಊರಿಂದ ಕಟ್ಟಿಕೊಂಡು ಬಂದ ಕಟಕರೊಟ್ಟಿಯನ್ನು ಶೇಂಗಾ ಚಟ್ನಿಯಲ್ಲಿ ತಿಂದು, ಕೊಂಡ ಊದಿನಕಡ್ಡಿಯನ್ನು ಹಚ್ಚಲೂ ಬೆಂಕಿಯಿಲ್ಲದೆ ಮಲಗಿದೆವು.

ಗುಳೇದಗುಡ್ಡದಲ್ಲಿರುವ ನಿಮಗೆ ಇದನ್ನು ಬರೆಯುತ್ತಿದ್ದೇನೆ. ನಾನು ಯಾರೆಂದು ಕೆಲವರಿಗೆ ಗೊತ್ತು. ಕುಪ್ಪಸದ ಖಣ ನೇಯುವವರ ಮನೆಯ ನೀಲವ್ವ, ಏಳನೇ ಇಯತ್ತೆಯವರೆಗೆ ಶಾಲೆಗೆ ಹೋದವಳು. ಖಣಕ್ಕೆ ಗಿರಾಕಿ ಕಡಿಮೆಯಾಗಿ ಮಗ್ಗಗಳು ಒಂದೊಂದಾಗಿ ಸುಮ್ಮನಾದಾಗ ನಾನೂ ನಮ್ಮವರೂ ಊರು ಬಿಟ್ಟೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೋಗಿ ಕೈ ಸುಟ್ಟುಕೊಂಡಳು ಎಂದು ನೀವು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಸುಟ್ಟುಕೊಳ್ಳಲಿಲ್ಲ, ಜಜ್ಜಿಕೊಂಡೆ. ಅದು ಹೇಗಾಯಿತು, ವಾಸಿಯಾಗಲು ಏನು ಖರ್ಚಾಯಿತು ಎಂಬುದನ್ನು ನಾನೇ ಹೇಳುವುದು ಮೇಲು.

ನಮ್ಮವರಿಗೆ, ಅಂದರೆ ನನ್ನ ಗಂಡ ಬಸಪ್ಪನವರಿಗೆ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮನೆ ಸಿಕ್ಕಿದ್ದು ಕಾರ್ಖಾನೆ ಸಾಲಿನ ಹಿಂದೆ, ರತ್ನಮ್ಮನ ವಠಾರದಲ್ಲಿ. ಒಂದೇ ಕೋಣೆ, ಮೇಲೆ ಶೀಟು. ನಮ್ಮ ಊರಿನ ಮಣ್ಣಿನ ಮಾಳಿಗೆಯ ಕೆಳಗೆ ಬೇಸಿಗೆಯಲ್ಲೂ ತಂಪು. ಇಲ್ಲಿ ಬೆಂಗಳೂರು ತಂಪು ಎಂದು ಊರೆಲ್ಲ ಹೊಗಳುತ್ತಿದ್ದಾಗ ನಾವು ಶೀಟಿನ ಕೆಳಗೆ ಬೇಯುತ್ತಿದ್ದೆವು. ರತ್ನಮ್ಮ ಪೀಣ್ಯದ ಹಳೆಯ ಒಕ್ಕಲಿನವಳು. ಅವಳ ರಾಗಿ ಹೊಲದ ಮೇಲೆ ಈಗ ನಟ್ಟು ಬೋಲ್ಟು ಮಾಡುವ ಕಾರ್ಖಾನೆ ನಿಂತಿದೆ. ಬಂದ ಪರಿಹಾರದಲ್ಲಿ ಆರು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ಎರಡು ಹಸುಗಳನ್ನು ಮಾತ್ರ ಬಿಟ್ಟಿರಲಿಲ್ಲ. "ರಾಗಿ ಬೆಳೀತಿದ್ದೆ, ಈಗ ಬಾಡಿಗೆ ಬೆಳೀತೀನಿ ಕಣವ್ವ. ಮಳೆ ಬೇಕಾಗಿಲ್ಲ ಅನ್ನೋದೊಂದೇ" ಎಂದು ಮೊದಲ ದಿನವೇ ಹೇಳಿದಳು. ಹಕಾರವನ್ನು ಆಕೆ ಬಾಯಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ. ಹಸು ಅವಳಿಗೆ ಅಸು, ಹೇಗೆ ಅನ್ನುವುದು ಎಂಗೆ. ನನ್ನ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅವಳದು ನನಗೆ ಮುಕ್ಕಾಲು.

ಊಟದ ಮಾತು ಹೇಳಿದರೆ ನಿಮಗೆ ನಗು ಬರುತ್ತದೆ. ಜೋಳಕ್ಕೆ ಯಶವಂತಪುರದ ಸಂತೆಗೆ ಹೋಗಬೇಕು, ಅದೂ ದುಬಾರಿ. ಇಲ್ಲಿನವರು ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಮೊದಲ ಸಲ ನಾನು ಅಗಿದಾಗ ಹಲ್ಲಿಗೆಲ್ಲ ಮೆತ್ತಿಕೊಂಡಿತು. ರತ್ನಮ್ಮ ಹೊಟ್ಟೆ ಹಿಡಿದು ನಕ್ಕಳು. ನುಂಗುವುದು ಉಣ್ಣುವುದು ಹೇಗಾಗುತ್ತದೆ ಎಂದು ನಾನು ಹಟ ಹಿಡಿದೆ. ದುಡ್ಡು ಹೋದರೂ ಸರಿ ಎಂದು ಜೋಳವನ್ನೇ ತರಿಸಿ, ದಿನಾ ಬೆಳಿಗ್ಗೆ ಟಪಟಪ ರೊಟ್ಟಿ ಬಡಿಯುತ್ತಿದ್ದೆ. ಆ ಸದ್ದಿಗೆ ವಠಾರದ ಹೆಂಗಸರು ಇಣುಕುತ್ತಿದ್ದರು.

ಮೂರು ತಿಂಗಳಿಗೆ ನನಗೂ ಕೆಲಸವಾಯಿತು. ಹತ್ತು ಹನ್ನೆರಡು ಜನರ ಒಂದು ಸಣ್ಣ ಶೆಡ್ಡು, ಹೆಸರು ಬೇಡ. ವಾಷರ್ ಅಂದರೆ ಬೋಲ್ಟಿನ ಕೆಳಗೆ ಕೂರುವ ತೂತಿನ ಬಿಲ್ಲೆ. ತಗಡಿನ ಪಟ್ಟಿಯನ್ನು ಪ್ರೆಸ್ಸಿನ ಬಾಯಿಗೆ ಇಟ್ಟು ಕಾಲಿನಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ಡೆಂದು ಇಳಿದು ಬಿಲ್ಲೆ ಕತ್ತರಿಸುತ್ತದೆ. ಕೈ ಒಳಗೆ, ಕೈ ಹೊರಗೆ, ಕಾಲು. ಮಗ್ಗದಲ್ಲೂ ಕೈ ಕಾಲು ಕೂಡಿಯೇ ನಡೆಯಬೇಕು. ಆದರೆ ಮಗ್ಗ ನಾನು ನಿಂತರೆ ನಿಲ್ಲುತ್ತಿತ್ತು. ಮೊದಲ ಸಂಬಳದ ದಿನ, ನಮ್ಮ ಕಡೆ ಪಗಾರ ಅನ್ನುವುದನ್ನು, ನಾನು ಇಲ್ಲಿನ ಮಾತಲ್ಲಿ ಸಂಬಳ ಎಂದೇ ಹೇಳಿ ತೆಗೆದುಕೊಂಡೆ. ಅವರು ಪುಸ್ತಕದಲ್ಲಿ ನೀಲವ್ವನನ್ನು ನೀಲಮ್ಮ ಎಂದು ಬರೆದಿದ್ದರು. ಹೆಸರು ತಿದ್ದಿಸಲಿಲ್ಲ. ಸಹಿ ಮಾತ್ರ ಚೆನ್ನಾಗಿ ಮಾಡಿದೆ, ಹೆಬ್ಬೆಟ್ಟು ಒತ್ತುವವರ ಸಾಲಿನಲ್ಲಿ ನಾನೊಬ್ಬಳೇ ಸಹಿ ಮಾಡುವ ಹೆಂಗಸು. ಅವತ್ತು ನನಗೆ ಜಂಬ ಬಂದಿತ್ತು.

ಹನ್ನೊಂದನೇ ತಿಂಗಳಲ್ಲಿ ಪ್ರೆಸ್ಸು ಪೆಡಲ್ ಒತ್ತದೆಯೇ ಎರಡನೇ ಸಲ ಇಳಿಯಿತು. ಹಾಗೆ ಆಗುತ್ತದೆ ಎಂದು ಒಂದು ವಾರದಿಂದ ಹೇಳುತ್ತಲೇ ಇದ್ದೆವು. ಬಲಗೈಯ ತೋರುಬೆರಳು, ನಡುಬೆರಳು ಒಳಗಿದ್ದವು. ಪೂರ್ತಿ ತುಂಡಾಗಲಿಲ್ಲ, ತೊಗಲಿಗೆ ಅಂಟಿಕೊಂಡು ಉಳಿದವು. ನೋವು ತಕ್ಷಣ ಬರಲಿಲ್ಲ. ಯಾರದೋ ಕೈಯನ್ನು ನೋಡುತ್ತಿರುವ ಹಾಗೆ ನೋಡಿದೆ.

ಶೆಡ್ಡಿನ ಕ್ಲರ್ಕು ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಹೊರಟ. ಕೈಗೆ ಸುತ್ತಿದ್ದ ಟವೆಲು ಕೆಂಪಾಗುತ್ತಿತ್ತು. ತೊಡೆಯ ಮೇಲೆ ಕಾಗದವಿಟ್ಟುಕೊಂಡು ಅವನು ಕೇಳಿದ. "ಏನಮ್ಮ ಸಿಕ್ಕಿದ್ದು ಮಷಿನ್ನಿಗೆ?"

"ಬಟ್ಟು ಸಿಕ್ಕೈತ್ರೀ" ಅಂದೆ.

"ಬಟ್ಟೆನಾ?"

"ಹೂನ್ರೀ, ಬಟ್ಟು."

ನಿಮಗೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ನಮ್ಮಲ್ಲಿ ಬೆರಳಿಗೆ ಬಟ್ಟು ಅನ್ನದೆ ಇನ್ನೇನು ಅನ್ನುತ್ತಾರೆ? ಆದರೆ ಬೆಂಗಳೂರಿನ ಕ್ಲರ್ಕಿಗೆ ಬಟ್ಟು ಅಂದರೆ ಏನೂ ಅಲ್ಲ. ಬಟ್ಟೆ ಅಂದರೆ ಸೀರೆ, ಸೆರಗು. ಅವನು ಬರೆದುಕೊಂಡ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದಾಗ ಇಂಗ್ಲಿಷಿನ ಕಾಗದವೊಂದನ್ನು ಮುಂದೆ ಹಿಡಿದು, "ಸಹಿ ಆಗಲ್ಲ ಬಿಡಮ್ಮ" ಎಂದು ನನ್ನ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ ಒತ್ತಿಸಿದ. ಎದ್ದು ಕೂತು ನನಗೆ ಓದು ಬರುತ್ತದೆ ಅನ್ನಬೇಕಿತ್ತು. ಇಂಗ್ಲಿಷು ಬರುತ್ತಿರಲಿಲ್ಲ, ಅದು ಬೇರೆ. ಆದರೂ ಅನ್ನಬೇಕಿತ್ತು.

ಆಪರೇಷನ್ನಿಗೆ ಮುಂಚೆ ನರ್ಸು ಬಲಗೈಯ ಬಳೆಗಳನ್ನು ಒಡೆದಳು. ನಮ್ಮಲ್ಲಿ ಬಳೆ ಒಡೆದವು ಅನ್ನುವುದಿಲ್ಲ, ಹೆಚ್ಚಾದವು ಅನ್ನುತ್ತೇವೆ. ಆಕೆ, "ಒಡೆದ್ಬಿಟ್ಟೆ, ಚೂರು ಎಲ್ಲಿ ಬಿತ್ತು ನೋಡಿ" ಎಂದು ಆಯಾಗೆ ಹೇಳಿದಳು. ಗಂಡ ಬದುಕಿರುವಾಗ ಆಡುವ ಮಾತಲ್ಲ ಅದು, ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಮೂರೂವರೆ ತಾಸು ಹೊಲಿದರು. ಡಾಕ್ಟರರು ಒಳ್ಳೆಯವರು. "ಬೆರಳು ಉಳಿಸಿದೀವಿ. ಮಡಚೋದು ಪ್ರಯತ್ನ ಮಾಡಿದ್ರೆ ಬರುತ್ತೆ. ಸ್ಪರ್ಶ ಬರುತ್ತೋ ಇಲ್ವೋ ಹೇಳಕ್ಕಾಗಲ್ಲ" ಅಂದರು.

ಸರ್ಕಾರಿ ಆಸ್ಪತ್ರೆ ಅಂದರೆ ಪುಕ್ಕಟೆ ಎಂದು ಊರಲ್ಲಿ ಅಂದುಕೊಳ್ಳುತ್ತೇವೆ. ಹೊಲಿಗೆ ಪುಕ್ಕಟೆಯೇ. ಇಂಜೆಕ್ಷನ್ನು ಹೊರಗಿನ ಅಂಗಡಿಯಿಂದ ತರಬೇಕು. ಆರು ವಾರ ಪಟ್ಟಿ, ಆಮೇಲೆ ವಾರಕ್ಕೆ ಮೂರು ಸಲ ಬಿಸಿ ಮೇಣದಲ್ಲಿ ಕೈ ಅದ್ದಿ ಬೆರಳು ಮಡಚಿಸುವ ವ್ಯಾಯಾಮ, ಪ್ರತಿ ಸಲವೂ ಎರಡು ಬಸ್ಸು ಹೋಗಲು, ಎರಡು ಬಸ್ಸು ಬರಲು. ಇದನ್ನೆಲ್ಲ ಯಾರಾದರೂ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಗದ ಖರ್ಚು ಮನೆಯೊಳಗಿತ್ತು. ಬೋರಿಂಗ್ ಹೊಡೆಯಲು ಒಂದು ಕೈ ಸಾಲದು, ಆದ್ದರಿಂದ ಪಕ್ಕದ ಕೋಣೆಯವಳಿಗೆ ಕೊಡಕ್ಕೆ ಹತ್ತು ಪೈಸೆ ಕೊಟ್ಟು ನೀರು ತರಿಸಿದೆ. ಜಡೆ, ಕುಪ್ಪಸದ ಗುಂಡಿ, ಸೀರೆಯ ನೆರಿಗೆ ರತ್ನಮ್ಮನ ಕೈಯಲ್ಲಿ. ಅವಳು ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ನಾನು ಬೆಳಿಗ್ಗೆ ಅವಳ ಹಾಲಿನ ಕೆಲಸ ಮುಗಿಯುವವರೆಗೆ ತಲೆ ಕೆದರಿಕೊಂಡು ಬಾಗಿಲಲ್ಲಿ ಕೂತು ಕಾಯಬೇಕಿತ್ತು. ಅಡುಗೆಗೆ, ಬಟ್ಟೆಗೆ ನಮ್ಮವರು ಓವರ್‌ಟೈಮ್ ಬಿಟ್ಟು ಮನೆಗೆ ಬರತೊಡಗಿದರು. ಕಾರ್ಖಾನೆಯಲ್ಲಿ ಅದು ನಿಂತಿದ್ದಕ್ಕೆ ಮನೆಯಲ್ಲಿ ಜೋಳ ನಿಂತಿತು. ಮೊದಲು ಅವರ ಸೈಕಲ್ಲು ಹೋಯಿತು. ಆಮೇಲೆ ನನ್ನ ಬೆಂಡೋಲೆ ಒತ್ತೆಗೆ ಹೋದವು, ಅವ್ವ ಮಗ್ಗದ ಮೇಲೆ ಕೂತು ದುಡಿದು ಮಾಡಿಸಿಕೊಟ್ಟವು. ಕುಂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ನಮ್ಮದು ಕುಡಿಕೆಯೂ ಇರಲಿಲ್ಲ.

ಜೋಳ ಇದ್ದಿದ್ದರೂ ರೊಟ್ಟಿ ಬಡಿಯಲು ಕೈ ಎಲ್ಲಿತ್ತು? ಎಡಗೈಯಲ್ಲಿ ಉಣ್ಣುವುದು ಇನ್ನೊಂದು ಅವಮಾನ. ಚಮಚದಲ್ಲಿ ಅನ್ನ ತಿಂದರೆ ಆಸ್ಪತ್ರೆಯಲ್ಲೇ ಇರುವ ಹಾಗೆ ಅನ್ನಿಸುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆ ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿಯಲಿಲ್ಲ. ಒಂದು ದಿನ ರತ್ನಮ್ಮ ಬಿಸಿ ಮುದ್ದೆ ತಂದಿಟ್ಟು, "ಅಗೀಬೇಡ, ನುಂಗು. ಅಲ್ಲಿಗೂ ಕೆಲಸ ಇಲ್ಲ, ಕೈಗೂ ಕೆಲಸ ಇಲ್ಲ" ಅಂದಳು. ಮೊದಲನೆಯದು ಹಲ್ಲು ಎಂದು ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಎಡಗೈಯಲ್ಲಿ ಚಿವುಟಿ ನುಂಗಿದೆ. ಹಟ ಎಲ್ಲಿ ಹೋಯಿತೋ ತಿಳಿಯಲಿಲ್ಲ, ಅದಕ್ಕಾಗಿ ದುಃಖವೂ ಆಗಲಿಲ್ಲ. ಆ ತಿಂಗಳುಗಳಲ್ಲಿ ಬೆರಳಿಗೆ ಏನಾಗಿತ್ತೋ ಮನಸ್ಸಿಗೂ ಅದೇ ಆಗಿತ್ತು.

ವ್ಯಾಯಾಮದವರು ಮೆತ್ತನೆಯ ರಬ್ಬರ್ ಚೆಂಡು ಕೊಂಡು ದಿನಾ ಹಿಸುಕಲು ಹೇಳಿದರು. ಚೆಂಡಿಗೆ ಎಲ್ಲಿಂದ ದುಡ್ಡು? ರತ್ನಮ್ಮ ದಿನಾ ಬೆಳಿಗ್ಗೆ ಹಸುವಿಗೆ ಹಾಕುವ ತಂಗಳು ಮುದ್ದೆಯನ್ನು ಮೊದಲು ನನ್ನ ಕೈಗೆ ಕೊಡುತ್ತಿದ್ದಳು. "ನೂರು ಸಲ ಇಚುಕು, ಆಮೇಲೆ ಅಸುಗೆ ಆಕು." ಹಿಸುಕಿ ಹಿಸುಕಿ ಅದು ಕೈಯಲ್ಲೇ ಪುಡಿಯಾಗುತ್ತಿತ್ತು. ಎರಡು ಬೆರಳುಗಳಿಗೆ ಅದು ಬಿಸಿಯೋ ತಣ್ಣಗೋ, ಒದ್ದೆಯೋ ಒಣಗಿದ್ದೋ ತಿಳಿಯುತ್ತಿರಲಿಲ್ಲ. ಮಡಚುವುದು ಮಾತ್ರ ದಿನಕ್ಕೆ ಕೂದಲೆಳೆಯಷ್ಟು ಬಂತು. ಮೂರನೇ ತಿಂಗಳಲ್ಲಿ ತೋರುಬೆರಳಿನ ತುದಿ ಅಂಗೈ ಮುಟ್ಟಿತು. ಅಂಗೈಗೆ ಅದು ತಿಳಿಯಿತು, ಬೆರಳಿಗೆ ತಿಳಿಯಲಿಲ್ಲ. ಆದರೂ ಅವತ್ತು ಆ ಹಸುವಿಗೆ ಎರಡು ಮುದ್ದೆ ಸಿಕ್ಕಿತು.

ಪಟ್ಟಿ ಬಿಚ್ಚಿದ ಮೇಲೆ ನಮ್ಮವರು ಶೆಡ್ಡಿನ ಮಾಲೀಕರ ಹತ್ತಿರ ಹೋದರು. ಅಷ್ಟು ದಿನದ ಕೂಲಿ, ಔಷಧದ ಖರ್ಚು, ಕೈಗೆ ಆದ ನಷ್ಟಕ್ಕೆ ಪರಿಹಾರ ಕೇಳಿದರು. ಮಾಲೀಕರು ಆ ಹೆಬ್ಬೆಟ್ಟಿನ ಕಾಗದ ತೆಗೆಸಿ ಓದಿಸಿದರು. ಕೆಲಸದ ಹೊತ್ತಿನಲ್ಲಿ ಸೆರಗನ್ನು ಸಡಿಲ ಬಿಟ್ಟಿದ್ದರಿಂದ ಬಟ್ಟೆ ಮಷಿನ್ನಿಗೆ ಸಿಕ್ಕಿ, ಅದನ್ನು ಬಿಡಿಸಲು ಹೋಗಿ ಕೈಗೆ ಪೆಟ್ಟಾಯಿತು ಎಂದು ನಾನೇ ಹೇಳಿದ್ದೇನಂತೆ. ಸಡಿಲ ಬಟ್ಟೆ ಹಾಕಬಾರದು ಎಂದು ಗೋಡೆಯ ಮೇಲೆ ಬೋರ್ಡಿತ್ತು, ಅದು ನಿಜ. ಬೋರ್ಡಿನ ಮಾತು ಮೀರಿದವಳಿಗೆ ಪರಿಹಾರವಿಲ್ಲ. ನಮ್ಮವರು ಮನೆಗೆ ಬಂದು ಬಾಗಿಲಲ್ಲೇ ಕೇಳಿದರು, "ನೀ ಏನಂದಿ?"

"ಬಟ್ಟು ಅಂದೆ."

ಅವರು ಗೋಡೆಗೆ ಒರಗಿ ಕೂತರು. "ಸುಡಗಾಡ" ಅಂದರು, ಅಷ್ಟೇ.

ರತ್ನಮ್ಮ ಬಿಡಲಿಲ್ಲ. ಜಮೀನಿನ ಪರಿಹಾರಕ್ಕಾಗಿ ಆರು ವರ್ಷ ಕಚೇರಿ ಅಲೆದವಳು, ಯಾವ ಮೆಟ್ಟಿಲು ಹತ್ತಿದರೆ ಯಾವ ಬಾಗಿಲು ಎಂದು ಅವಳಿಗೆ ಗೊತ್ತಿತ್ತು. ಕೂಲಿಯವರ ದೂರು ಕೇಳುವ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿಸಿದಳು. ಅಧಿಕಾರಿಯ ಮುಂದೆ ಆ ಒಂದು ಪದ ತಿದ್ದಿಸಿದರೆ ದುಡ್ಡು ಬರುತ್ತದೆ, ಬೆಂಡೋಲೆ ಬಿಡಿಸಿಕೊಳ್ಳಬಹುದು, ಇಲ್ಲವಾದರೆ ಇಲ್ಲ. ವಿಚಾರಣೆಗೆ ನಾಲ್ಕು ತಿಂಗಳು ಕಾಯಬೇಕಾಯಿತು. ಅಷ್ಟರಲ್ಲಿ ಅವಳು ನನಗೆ ಮಾತು ಕಲಿಸಿದಳು. "ಆಪೀಸಲ್ಲಿ ನಿನ್ ಮಾತು ಯಾರ್ಗೂ ಅರ್ಥ ಆಗಕ್ಕಿಲ್ಲ. ಬಟ್ಟು ಪಟ್ಟು ಬುಡು. ನಾವು ಬೆಳ್ಳು ಅಂತೀವಿ, ನೀನು ಅದೂ ಅನ್ಬೇಡ. ಓದಿದೋರ ಅಂಗೆ ಬೆರಳು ಅನ್ನು."

ಕಲಿಯಲು ನನಗೂ ಕಾರಣವಿತ್ತು. ಬೆಂಗಳೂರಿನಲ್ಲಿ ತಪ್ಪು ಮಾತು ದುಡ್ಡು ತಿನ್ನುತ್ತದೆ. ಒಂದು ಸಲ ಆಸ್ಪತ್ರೆಯಲ್ಲಿ, ನಾಡಿದ್ದು ಅನ್ನುವುದಕ್ಕೆ "ನಾಡದ ಬಾ ಅಂದಾರ್ರೀ" ಎಂದು ಹೇಳಿ, ಅವರು ಏನೋ ತಿಳಿದು, ನಾನು ಏನೋ ತಿಳಿದು, ಮೂರು ತಾಸು ತಪ್ಪು ಸಾಲಿನಲ್ಲಿ ನಿಂತು ಬಸ್ಸಿನ ದುಡ್ಡು ದಂಡವಾಗಿತ್ತು. ಹಾಗಾಗಿ ಒಂದೊಂದನ್ನೇ ಬದಲಿಸಿದೆ. ತಾಸು ಗಂಟೆಯಾಯಿತು, ಸರ ಸಾರ್ ಆಯಿತು, ಐತಿ ಇದೆಯಾಯಿತು. ಮಾತಿನ ಕೊನೆಯ ರೀ ಉದುರಿತು. ಬೆಳಿಗ್ಗೆ ಮುದ್ದೆ ಹಿಸುಕುತ್ತ, "ನನ್ನ ಎರಡು ಬೆರಳು ಸಿಗಾಕ್ಕೊಂಡ್ವು ಸಾರ್" ಎಂದು ನೂರು ಸಲ ಹೇಳಿಕೊಂಡೆ. ಮುದ್ದೆ ಹಸುವಿಗೆ ಹೋಗುತ್ತಿತ್ತು, ಮಾತು ನನ್ನ ಬಾಯಲ್ಲಿ ಉಳಿಯುತ್ತಿತ್ತು. ಕೊನೆಕೊನೆಗೆ ಆ ಬೆಂಕಿಪೊಟ್ಟಣದ ಅಂಗಡಿಯವನು, "ನಿಮ್ಮದು ತುಮಕೂರು ಕಡೆನಾ ಅಮ್ಮ?" ಎಂದು ಕೇಳಿದ. ನಾನು ಗೆದ್ದ ಹಾಗೆ ನಕ್ಕೆ.

ವಿಚಾರಣೆಯ ದಿನ ನಮ್ಮವರು ಬರುತ್ತೇನೆಂದರು. ಬೇಡ ಅಂದೆ. ಒಂದು ದಿನದ ಕೂಲಿ ಯಾಕೆ ಕಳೆಯಬೇಕು, ರತ್ನಮ್ಮ ಇದ್ದಾಳಲ್ಲ ಅಂದೆ. ನನ್ನ ಜೀವನದಲ್ಲಿ ಅಷ್ಟು ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

ಕಚೇರಿಯಲ್ಲಿ ಮೇಜಿನ ಆಚೆ ಅಧಿಕಾರಿ, ಈಚೆ ಒಂದು ಬದಿಗೆ ನಾನೂ ರತ್ನಮ್ಮನೂ, ಇನ್ನೊಂದು ಬದಿಗೆ ಅದೇ ಕ್ಲರ್ಕು. ಅಧಿಕಾರಿ ಗದರುವ ಪೈಕಿಯಲ್ಲ. "ಹೆದರಬೇಡಿ, ನಿಮ್ಮ ಮಾತಲ್ಲೇ ಹೇಳಿ" ಅಂದರು.

"ಪ್ರೆಸ್ಸು ತಾನಾಗೇ ಎರಡನೇ ಸಲ ಇಳೀತು ಸಾರ್. ನನ್ನ ಬಲಗೈದು ಎರಡು ಬೆರಳು ಸಿಗಾಕ್ಕೊಂಡ್ವು. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದೆ. ಬಟ್ಟೆ ಅಂತ ನಾನು ಹೇಳಲೇ ಇಲ್ಲ, ಬಟ್ಟು ಅಂದೆ. ನಮ್ಮ ಕಡೆ ಬೆರಳಿಗೆ ಹಾಗಂತಾರೆ ಸಾರ್."

ಒಂದೂ ತಪ್ಪಲಿಲ್ಲ. ರತ್ನಮ್ಮ ಹೆಮ್ಮೆಯಿಂದ ತಲೆಯಾಡಿಸಿದಳು.

ಕ್ಲರ್ಕು ಎದ್ದು ನಿಂತ. "ಸಾರ್, ನೀವೇ ಕೇಳಿದ್ರಲ್ಲ. ಎಷ್ಟು ಚೆನ್ನಾಗಿ ಬೆರಳು ಬೆರಳು ಅಂತಾರೆ. ಅವತ್ತು ಮಾತ್ರ ಅದ್ಯಾವುದೋ ಬಟ್ಟು ಅಂದ್ರಂತೆ. ನಂಬೋ ಮಾತಾ ಸಾರ್?"

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಆ ಕಡೆಯವರ ಥರ ಮಾತಾಡ್ತಾನೇ ಇಲ್ಲವಲ್ಲಮ್ಮ. ಎಲ್ಲಿ, ಅವತ್ತು ಹೆಂಗೆ ಹೇಳಿದ್ರೋ ಹಂಗೇ ಹೇಳಿ ನೋಡೋಣ."

ನಾನು ಬಾಯಿ ತೆರೆದೆ. ಮೂವತ್ತು ವರ್ಷ ಆಡಿದ ಮಾತು. ಅವ್ವನ ಮಾತು. ನಾಲಿಗೆ ಅದನ್ನು ಹುಡುಕಿತು, ಸಿಗಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ, ಗೊತ್ತಾಗುತ್ತಾ ಎಂದು ಡಾಕ್ಟರರು ಕೇಳುವಾಗ ಆಗುತ್ತಿದ್ದ ಹಾಗೆ ಆಯಿತು. ಅಲ್ಲಿ ಇದೆ, ಆದರೆ ಇಲ್ಲ. ಕೊನೆಗೆ ಹೊರಬಂದದ್ದು ಹೀಗೆ. "ಬಟ್ಟು... ಸಿಗ್ತು ಸಾರ್."

ಕ್ಲರ್ಕು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ಅಧಿಕಾರಿ ಮೆಲ್ಲಗೆ, "ಇದು ಯಾರೋ ಹೇಳಿಕೊಟ್ಟ ಹಾಗಿದೆಯಮ್ಮ" ಅಂದರು.

ರತ್ನಮ್ಮನಿಗೆ ತಡೆಯಲಾಗಲಿಲ್ಲ. "ಯಾರೂ ಯೋಳ್ಕೊಟ್ಟಿಲ್ಲ ಸ್ವಾಮಿ, ದೇವ್ರಾಣೆ. ನಾನು ಯೋಳ್ಕೊಟ್ಟಿದ್ದು ಬೆರಳು ಅನ್ನೋದ್ನ."

ಅಧಿಕಾರಿಯ ಪೆನ್ನು ನಿಂತಿತು. ಯೋಳ್ಕೊಟ್ಟಿದ್ದು ಎಂಬಲ್ಲಿಗೇ ಅವರ ಕಿವಿಯೂ ನಿಂತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಲ್ಲ ಅವರು, ಆದರೆ ಅವರ ಮುಂದೆ ಇದ್ದದ್ದು ಒಂದು ಹೆಬ್ಬೆಟ್ಟಿನ ಕಾಗದ ಮತ್ತು ಹೇಳಿಕೊಟ್ಟು ಕರೆತಂದ ಒಬ್ಬ ಹೆಂಗಸು. ಕಾಗದವನ್ನು ತಿದ್ದಲು ಆಧಾರವಿಲ್ಲ ಅಂದರು. ಆದರೂ ಕ್ಲರ್ಕಿನ ಜೊತೆ ಮಾತಾಡಿ, ಮಾಲೀಕರು ದಯೆಯಿಂದ ಒಂದು ತಿಂಗಳ ಕೂಲಿಯನ್ನೂ ಔಷಧದ ಖರ್ಚನ್ನೂ ಕೊಡುವಂತೆ, ನಾನು ಮುಂದೆ ಏನೂ ಕೇಳದಂತೆ ಒಪ್ಪಿಸಿದರು. ಈ ಸಲ ಕಾಗದ ಕನ್ನಡದಲ್ಲಿತ್ತು. ಪೂರ್ತಿ ಓದಿದೆ. ಪೆನ್ನನ್ನು ಹೆಬ್ಬೆರಳು ಮತ್ತು ಉಂಗುರ ಬೆರಳಿನ ನಡುವೆ ಹಿಡಿದು ಸಹಿ ಮಾಡಿದೆ. ದಯೆಯಿಂದ ಎಂಬ ಪದವನ್ನು ಎರಡು ಸಲ ಓದಿದ್ದು ನೆನಪಿದೆ.

ಮೆಜೆಸ್ಟಿಕ್ಕಿನಿಂದ ಪೀಣ್ಯದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ರತ್ನಮ್ಮ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಯಾರ ಮೇಲೂ ಏನೂ ಇರಲಿಲ್ಲ. ಹೊರಗೆ ತುಂತುರು ಶುರುವಾಗಿತ್ತು. ಯಶವಂತಪುರ ದಾಟುವಾಗ ಬಸ್ಸು ಗುಂಡಿಗೆ ಇಳಿದು ಎದ್ದಿತು, ಕಿಟಕಿಯ ತಗಡಿನ ಶಟರ್ ಜಾರಿ ಬಿತ್ತು. ನಾನು ಹಾಗೆಯೇ ಕೂತಿದ್ದೆ. ರತ್ನಮ್ಮ ಚೀರಿದಾಗ ತಿರುಗಿ ನೋಡಿದೆ. ಕಿಟಕಿಯ ಚೌಕಟ್ಟಿನ ಮೇಲಿದ್ದ ನನ್ನ ಬಲಗೈಯ ಆ ಎರಡು ಬೆರಳು ಶಟರಿನ ಕೆಳಗಿದ್ದವು. ತಗಡಿನ ಅಂಚಿನಲ್ಲಿ ರಕ್ತ ಇಳಿಯುತ್ತಿತ್ತು. ನೋವು ಇರಲಿಲ್ಲ.

"ಅಯ್ಯ, ನನ್ನ ಬಟ್ಟು ಸಿಕ್ಕೈತ್ರೀ" ಅಂದೆ.

ಶಟರ್ ಎತ್ತುತ್ತಿದ್ದ ರತ್ನಮ್ಮನ ಕೈ ಅರ್ಧಕ್ಕೆ ನಿಂತಿತು. ನನ್ನ ಮುಖ ನೋಡಿದಳು. "ಇದು ಈಗ ಬಂತೇನವ್ವ? ಒಂದು ಗಂಟೆ ಮುಂಚೆ ಬರಬಾರದಾಗಿತ್ತಾ?" ಅಂದಳು. ಹೇಳುತ್ತಲೇ ಅವಳಿಗೆ ನಗು ಬಂತು, ನನಗೂ ಬಂತು. ಅವಳ ಸೆರಗಿನ ತುದಿಯನ್ನು ನನ್ನ ಬೆರಳಿಗೆ ಸುತ್ತಿಕೊಂಡು ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ. ಪ್ರೆಸ್ಸು ಇಳಿದ ದಿನದಿಂದ ಅಲ್ಲಿಯವರೆಗೆ ಒಂದು ಹನಿಯೂ ಅತ್ತಿರಲಿಲ್ಲ.

ಮನೆಯಲ್ಲಿ ನಮ್ಮವರಿಗೆ ಹೇಳಿದಾಗ ಅವರು, "ನಾ ಬಂದಿದ್ರ ಬಾಯಿ ತೆರದ ಕೂಡ್ಲೇ ನಂಬತಿದ್ರು" ಅಂದರು. ನಿಜ. ಅವರ ನಾಲಿಗೆಗೆ ಪಟ್ಟಣ ಹತ್ತಿರಲೇ ಇಲ್ಲ. ಒಂದು ದಿನದ ಕೂಲಿ ಮಾತ್ರ ಬೇಕಿತ್ತು. ನೀವು ಬೆರಳಚ್ಚಿಗೆ ಹೆಬ್ಬೆಟ್ಟು ಅನ್ನುತ್ತೀರಲ್ಲ ಸಾರ್, ಅದರೊಳಗಿರುವುದೂ ನಮ್ಮ ಬಟ್ಟು ತಾನೇ ಎಂದು ಅಧಿಕಾರಿಯನ್ನು ಕೇಳಬಹುದಿತ್ತು. ಇದು ನನಗೆ ಹೊಳೆದದ್ದು ಎರಡು ವರ್ಷ ಬಿಟ್ಟು, ಪಾತ್ರೆ ತೊಳೆಯುವಾಗ.

ಶೆಡ್ಡಿನಲ್ಲಿ ನನ್ನನ್ನು ವಾಷರ್ ಎಣಿಸಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಹಾಕಿದರು, ಕೂಲಿ ಮೊದಲಿಗಿಂತ ಕಡಿಮೆ. ಬಲಗೈಯಲ್ಲಿ ಹಿಡಿದರೆ ಒಂದೋ ಎರಡೋ ತಿಳಿಯದು, ಎಡಗೈಯಲ್ಲಿ ಎಣಿಸುತ್ತೇನೆ. ಬೆಂಡೋಲೆ ವಾಪಸ್ ಬರಲಿಲ್ಲ.

ಮುಂದಿನ ವರ್ಷ ಗುಳೇದಗುಡ್ಡಕ್ಕೆ ಬಂದಾಗ ಅವ್ವ, "ಇಲ್ಲೇ ಇದ್ದಬಿಡು, ಮಗ್ಗ ಐತಿ" ಅಂದಳು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತೆ. ಎಳೆ ಕಡಿದರೆ ಕಣ್ಣಿಗಿಂತ ಮುಂಚೆ ಬೆರಳಿಗೆ ತಿಳಿಯಬೇಕು, ನೇಯುವವರಿಗೆ ಹೇಳಬೇಕಾಗಿಲ್ಲ. ಒಂದು ಗೇಣು ನೇಯ್ದ ಮೇಲೆ ನೋಡಿದರೆ ಮೂರು ಕಡೆ ಎಳೆ ಕಡಿದು ಖಣದಲ್ಲಿ ಸಂದು ಬಿದ್ದಿತ್ತು. "ಬೆರಳಿಗೆ ಗೊತ್ತೇ ಆಗಲ್ಲ ಅವ್ವಾ" ಅಂದೆ. ನೂಲು ಸುತ್ತುತ್ತಿದ್ದ ಅತ್ತಿಗೆ, "ನೋಡ್ರೀ ನಮ್ಮ ನೀಲವ್ವ ಹ್ಯಾಂಗ ಬೆಂಗಳೂರ ಮಾತಾಡ್ತಾಳ" ಎಂದು ನಕ್ಕಳು. ಅವ್ವ ನಗಲಿಲ್ಲ. ನನ್ನ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಆ ಎರಡನ್ನೂ ಒತ್ತಿ ಒತ್ತಿ, "ಇಲ್ಲಿ? ಇಲ್ಲಿ?" ಎಂದು ಕೇಳಿದಳು. ಇಲ್ಲ ಅನ್ನಲು ಮನಸ್ಸಾಗದೆ ಹೂಂ ಅಂದೆ.

ಈಗ ಪೀಣ್ಯದಲ್ಲಿ ನನ್ನನ್ನು ಯಾರೂ ಯಾವ ಊರು ಎಂದು ಕೇಳುವುದಿಲ್ಲ. ಊರಿಗೆ ಬಂದರೆ ನೀವು ಕೇಳುತ್ತೀರಿ. ಮುದ್ದೆ ನುಂಗುತ್ತೇನೆ, ರೊಟ್ಟಿಯ ಕನಸು ಬೀಳುತ್ತದೆ. ಕೈ ಹೇಗಿದೆ ಎಂದು ರತ್ನಮ್ಮ ಈಗಲೂ ದಿನಾ ವಿಚಾರಿಸುತ್ತಾಳೆ, ನಾನು ಎರಡೂ ಕೈ ಚಾಚಿ ತೋರಿಸುತ್ತೇನೆ. ಎಂಟು ಬೆರಳು ಇಲ್ಲಿ ದುಡಿಯುತ್ತವೆ, ಇಲ್ಲಿನ ಬಿಸಿ ತಂಪು ಅವಕ್ಕೆ ಗೊತ್ತು. ಉಳಿದ ಎರಡಕ್ಕೆ ಇಲ್ಲಿಯದು ಏನೂ ತಿಳಿಯದು. ಅವು ಇನ್ನೂ ಬಟ್ಟುಗಳೇ.